ಒಂದು ದೇಶದಲ್ಲಿ ಇಂಗ್ಲಿಷ್ ಅಧಿಕೃತ ಭಾಷೆಯೇ? ಪರಿಶೀಲಿಸುವ ಬಗೆ

ಇಂಗ್ಲಿಷ್ ಅಧಿಕೃತ ಭಾಷೆಯಾಗಿರುವ ದೇಶಗಳು ಎಷ್ಟು ಎಂದು ಹುಡುಕಲು ಹೊರಟರೆ ಒಂದು ಪಟ್ಟಿ ಐವತ್ತರ ಆಸುಪಾಸಿನ ಸಂಖ್ಯೆಯನ್ನು ಹೇಳುತ್ತದೆ, ಮತ್ತೊಂದು ಅರವತ್ತನ್ನು ದಾಟುತ್ತದೆ. ಪಟ್ಟಿ ಮಾಡಿದವರೆಲ್ಲ ಅಜಾಗರೂಕರು ಎಂದೇನೂ ಅಲ್ಲ. ಒಬ್ಬರು ಸಂವಿಧಾನದಲ್ಲಿ ಬರೆದಿರುವುದನ್ನಷ್ಟೇ ಲೆಕ್ಕಕ್ಕೆ ಹಿಡಿದಿರುತ್ತಾರೆ, ಇನ್ನೊಬ್ಬರು ಕಚೇರಿ ಕೋರ್ಟುಗಳಲ್ಲಿ ನಡೆದುಬಂದ ಬಳಕೆಯನ್ನೂ ಸೇರಿಸಿರುತ್ತಾರೆ, ಮಗದೊಬ್ಬರು ಹಾಂಗ್‌ಕಾಂಗ್‌ನಂಥ, ಸ್ವತಂತ್ರ ದೇಶವಲ್ಲದ ಪ್ರದೇಶಗಳನ್ನೂ ಎಣಿಸಿರುತ್ತಾರೆ. ಆದ್ದರಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಪಾಠ ಸಿದ್ಧಪಡಿಸುವ ಶಿಕ್ಷಕರು, ಭಾಷಾಂತರಕಾರರು, ವಿದೇಶಕ್ಕೆ ದಾಖಲೆ ಕಳುಹಿಸಬೇಕಾದವರು ಇಂಥ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ, ತಮಗೆ ಬೇಕಾದ ದೇಶವನ್ನು ತಾವೇ ಪರಿಶೀಲಿಸುವ ಕ್ರಮವನ್ನು ರೂಢಿಸಿಕೊಳ್ಳುವುದು ಮೇಲು. ಆ ಕ್ರಮದಲ್ಲಿ ‘ಹೌದು’ ಅಥವಾ ‘ಅಲ್ಲ’ ಎಂಬ ಉತ್ತರಕ್ಕೆ ತೃಪ್ತಿಪಟ್ಟುಕೊಳ್ಳಬಾರದು. ಯಾವ ದಾಖಲೆಯ ಬಲದಿಂದ, ಯಾವ ಕೆಲಸಕ್ಕೆ, ಯಾವ ಪ್ರದೇಶದಲ್ಲಿ, ಎಲ್ಲಿಯವರೆಗೆ ಎಂಬ ನಾಲ್ಕನ್ನೂ ಕೇಳಬೇಕು.

ಸಂವಿಧಾನದಿಂದ ಆರಂಭಿಸಿ

ಮೊದಲ ಕೆಲಸ ಆ ದೇಶದ ಸಂವಿಧಾನದ ಪಠ್ಯವನ್ನು ತೆರೆಯುವುದು. ಹೆಚ್ಚಿನ ದೇಶಗಳ ಸಂಸತ್ತು ಅಥವಾ ಕಾನೂನು ಸಚಿವಾಲಯದ ಜಾಲತಾಣದಲ್ಲಿ ಅದು ಸಿಗುತ್ತದೆ. ಸಿಗದಿದ್ದರೆ ಜಗತ್ತಿನ ಸಂವಿಧಾನಗಳನ್ನು ಒಂದೆಡೆ ಕಲೆಹಾಕಿರುವ ‘ಕಾನ್‌ಸ್ಟಿಟ್ಯೂಟ್’ ಎಂಬ ಜಾಲತಾಣವನ್ನು ನೋಡಬಹುದು. ಭಾಷೆಯ ವಿಧಿ ಸಾಮಾನ್ಯವಾಗಿ ಆರಂಭದ ಪುಟಗಳಲ್ಲೇ, ರಾಷ್ಟ್ರಧ್ವಜ, ರಾಷ್ಟ್ರಗೀತೆಗಳ ಅಕ್ಕಪಕ್ಕದಲ್ಲಿ ಇರುತ್ತದೆ. ನಮೀಬಿಯಾದಲ್ಲಿ ಅದು 3ನೇ ವಿಧಿ, ಉಗಾಂಡಾದಲ್ಲಿ 6ನೇ ವಿಧಿ, ಕೀನ್ಯಾದಲ್ಲಿ 7ನೇ ವಿಧಿ, ಐರ್ಲೆಂಡಿನಲ್ಲಿ 8ನೇ ವಿಧಿ. ಸಿಂಗಪುರದಲ್ಲಿ ಮಾತ್ರ ಬಹಳ ದೂರ ಹೋಗಿ 153ಎ ವಿಧಿಯನ್ನು ನೋಡಬೇಕು. ಭಾರತದಲ್ಲಿ ಇದಕ್ಕೆಂದೇ ಹದಿನೇಳನೆಯ ಭಾಗವಿದೆ.

ವಿಧಿ ಸಿಕ್ಕ ಕೂಡಲೇ ಮೊದಲ ಸಾಲನ್ನು ಬರೆದುಕೊಂಡು ಪುಟ ಮುಚ್ಚುವವರೇ ಹೆಚ್ಚು. ತಪ್ಪುಗಳು ಹುಟ್ಟುವುದೂ ಅಲ್ಲಿಯೇ. ಕೀನ್ಯಾದ 2010ರ ಸಂವಿಧಾನದ 7ನೇ ವಿಧಿಯನ್ನೇ ತೆಗೆದುಕೊಳ್ಳಿ. ಮೊದಲ ಉಪವಿಧಿ ಕಿಸ್ವಾಹಿಲಿಯನ್ನು ರಾಷ್ಟ್ರಭಾಷೆ ಎನ್ನುತ್ತದೆ. ಎರಡನೆಯದು ಕಿಸ್ವಾಹಿಲಿ ಮತ್ತು ಇಂಗ್ಲಿಷ್ ಎರಡನ್ನೂ ಅಧಿಕೃತ ಭಾಷೆಗಳೆಂದು ಸಾರುತ್ತದೆ. ಮೂರನೆಯದು ಉಳಿದ ಭಾಷೆಗಳು, ಸಂಜ್ಞಾ ಭಾಷೆ ಮತ್ತು ಬ್ರೈಲ್ ಲಿಪಿಯ ಬಗ್ಗೆ ಸರ್ಕಾರದ ಹೊಣೆಯನ್ನು ಹೇಳುತ್ತದೆ. ಮೊದಲನೆಯದನ್ನಷ್ಟೇ ಓದಿದವರಿಗೆ ಕೀನ್ಯಾದಲ್ಲಿ ಇಂಗ್ಲಿಷಿಗೆ ಸ್ಥಾನವೇ ಇಲ್ಲವೆನಿಸುತ್ತದೆ. ಆದರೆ ಅದೇ ಸಂವಿಧಾನದ ಕೊನೆಯ ಭಾಗದಲ್ಲಿ, 259ನೇ ವಿಧಿಯಲ್ಲಿ, ಸಂವಿಧಾನದ ಬೇರೆ ಬೇರೆ ಭಾಷೆಗಳ ಪಠ್ಯಗಳ ನಡುವೆ ವ್ಯತ್ಯಾಸ ಕಂಡುಬಂದರೆ ಇಂಗ್ಲಿಷ್ ಪಠ್ಯವೇ ಊರ್ಜಿತ ಎಂದಿದೆ.

ಈ ಕೊನೆಯ ಅಂಶ ಬಹಳ ಉಪಯುಕ್ತವಾದ ಒರೆಗಲ್ಲು. ಎರಡು ಅಧಿಕೃತ ಭಾಷೆಗಳಿರುವ ದೇಶದಲ್ಲಿ ಪಠ್ಯಗಳು ತಾಳೆಯಾಗದಿದ್ದಾಗ ಯಾವುದು ನಿಲ್ಲುತ್ತದೆ ಎಂದು ನೋಡಿದರೆ ಇಂಗ್ಲಿಷಿನ ನಿಜವಾದ ಸ್ಥಾನ ತಿಳಿಯುತ್ತದೆ. ಐರ್ಲೆಂಡಿನ 1937ರ ಸಂವಿಧಾನ ಐರಿಷ್ ಭಾಷೆಯನ್ನು ಮೊದಲ ಅಧಿಕೃತ ಭಾಷೆಯೆಂದು ಕರೆದು, ಇಂಗ್ಲಿಷನ್ನು ಎರಡನೆಯ ಅಧಿಕೃತ ಭಾಷೆಯಾಗಿ ಮಾನ್ಯ ಮಾಡುತ್ತದೆ. ಅಲ್ಲಿನ ಜನರಲ್ಲಿ ಬಹುಪಾಲು ದಿನನಿತ್ಯ ಆಡುವುದು ಇಂಗ್ಲಿಷನ್ನೇ ಆದರೂ, ಸಂವಿಧಾನದ ಎರಡು ಪಠ್ಯಗಳ ನಡುವೆ ಭಿನ್ನತೆ ಬಂದರೆ ಗೆಲ್ಲುವುದು ಐರಿಷ್ ಪಠ್ಯ. ಮಾಲ್ಟಾದಲ್ಲಿಯೂ ಹಾಗೆಯೇ: ಮಾಲ್ಟೀಸ್ ಮತ್ತು ಇಂಗ್ಲಿಷ್ ಎರಡೂ ಅಧಿಕೃತ, ಕಾನೂನುಗಳು ಎರಡರಲ್ಲೂ ಪ್ರಕಟವಾಗುತ್ತವೆ, ವ್ಯತ್ಯಾಸ ಬಂದರೆ ಮಾಲ್ಟೀಸ್ ಪಠ್ಯವನ್ನೇ ಒಪ್ಪಬೇಕು, ನ್ಯಾಯಾಲಯಗಳ ಭಾಷೆಯೂ ಮೂಲತಃ ಮಾಲ್ಟೀಸೇ.

ಭಾರತದ ವಿಧಿಗಳನ್ನು ಒಮ್ಮೆ ಪೂರ್ತಿ ಓದಿ

ಬೇರೆ ದೇಶಗಳಿಗೆ ಹೋಗುವ ಮುನ್ನ ನಮ್ಮದೇ ಸಂವಿಧಾನದಲ್ಲಿ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಇಂಗ್ಲಿಷಿನ ಸ್ಥಾನ ಇಷ್ಟು ಪದರಗಳಲ್ಲಿ ಹರಡಿಕೊಂಡಿರುವ ದೇಶಗಳು ಕಡಿಮೆ. 343ನೇ ವಿಧಿಯ ಪ್ರಕಾರ ಕೇಂದ್ರದ ಅಧಿಕೃತ ಭಾಷೆ ದೇವನಾಗರಿ ಲಿಪಿಯ ಹಿಂದಿ. ಇಂಗ್ಲಿಷ್ ಅಲ್ಲಿ ಬರುವುದು ಒಂದು ಗಡುವಿನೊಂದಿಗೆ: ಸಂವಿಧಾನ ಜಾರಿಗೆ ಬಂದ ದಿನದಿಂದ 15 ವರ್ಷ, ಅಂದರೆ 1965ರ ಜನವರಿ 26ರವರೆಗೆ, ಅದುವರೆಗೆ ಬಳಕೆಯಲ್ಲಿದ್ದ ಕೆಲಸಗಳಿಗೆಲ್ಲ ಇಂಗ್ಲಿಷನ್ನು ಮುಂದುವರಿಸಬಹುದು, ಆಮೇಲೂ ಬೇಕೆನಿಸಿದರೆ ಸಂಸತ್ತು ಕಾನೂನು ಮಾಡಿಕೊಳ್ಳಬಹುದು. ಆ ಕಾನೂನೇ 1963ರ ಅಧಿಕೃತ ಭಾಷೆಗಳ ಅಧಿನಿಯಮ. 1965ರಲ್ಲಿ ಅಂದಿನ ಮದರಾಸು ರಾಜ್ಯದಲ್ಲಿ ಹಿಂದಿ ಹೇರಿಕೆಯ ವಿರುದ್ಧ ನಡೆದ ತೀವ್ರ ಚಳವಳಿಯ ನಂತರ, 1967ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ತಿದ್ದುಪಡಿಯ ಸಾರವನ್ನು ಕನ್ನಡಿಗರು ಗಮನವಿಟ್ಟು ಓದಬೇಕು: ಹಿಂದಿಯನ್ನು ತಮ್ಮ ಅಧಿಕೃತ ಭಾಷೆಯಾಗಿ ಸ್ವೀಕರಿಸದ ಎಲ್ಲ ರಾಜ್ಯಗಳ ವಿಧಾನಮಂಡಲಗಳೂ ಇಂಗ್ಲಿಷಿನ ಬಳಕೆಯನ್ನು ನಿಲ್ಲಿಸಲು ನಿರ್ಣಯ ಅಂಗೀಕರಿಸಿ, ಅವನ್ನು ಪರಿಗಣಿಸಿದ ಬಳಿಕ ಸಂಸತ್ತಿನ ಎರಡೂ ಸದನಗಳು ಅಂಥದೇ ನಿರ್ಣಯವನ್ನು ಅಂಗೀಕರಿಸುವವರೆಗೆ ಇಂಗ್ಲಿಷ್ ಮುಂದುವರಿಯುತ್ತದೆ. ಆ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಂದರೆ ಈ ಕಾನೂನು ಹೀಗೆಯೇ ಇರುವವರೆಗೆ, ಬೆಂಗಳೂರಿನ ವಿಧಾನಸೌಧದಲ್ಲಿ ನಿರ್ಣಯವಾಗದೆ ದೆಹಲಿಯಲ್ಲಿ ಇಂಗ್ಲಿಷ್ ಕೊನೆಗೊಳ್ಳುವಂತಿಲ್ಲ.

ಇದು ಕೇಂದ್ರ ಆಡಳಿತದ ಮಾತಾಯಿತು. 348ನೇ ವಿಧಿಗೆ ಹೋದರೆ ಚಿತ್ರವೇ ಬೇರೆ. ಸಂಸತ್ತು ಬೇರೆ ಕಾನೂನು ಮಾಡುವವರೆಗೆ ಸರ್ವೋಚ್ಚ ನ್ಯಾಯಾಲಯ ಮತ್ತು ಉಚ್ಚ ನ್ಯಾಯಾಲಯಗಳ ಕಲಾಪ ಇಂಗ್ಲಿಷಿನಲ್ಲೇ ನಡೆಯಬೇಕೆಂಬುದು ಅಲ್ಲಿನ ಸಾಮಾನ್ಯ ನಿಯಮ. ರಾಜ್ಯವೊಂದು ತನ್ನ ಭಾಷೆಯಲ್ಲಿ ಅಧಿನಿಯಮ ಮಾಡಿದರೂ, ರಾಜ್ಯಪಾಲರ ಅಧಿಕಾರದಡಿ ರಾಜ್ಯಪತ್ರದಲ್ಲಿ ಪ್ರಕಟವಾಗುವ ಅದರ ಇಂಗ್ಲಿಷ್ ಅನುವಾದವನ್ನು ಅಧಿಕೃತ ಇಂಗ್ಲಿಷ್ ಪಠ್ಯವೆಂದು ಭಾವಿಸಲಾಗುತ್ತದೆ. ಇನ್ನು ರಾಜ್ಯಗಳ ಮಟ್ಟಕ್ಕೆ ಇಳಿದರೆ, ಕರ್ನಾಟಕದ ಆಡಳಿತ ಭಾಷೆ 1963ರ ರಾಜ್ಯ ಅಧಿನಿಯಮದ ಪ್ರಕಾರ ಕನ್ನಡ. ನಾಗಾಲ್ಯಾಂಡಿನಲ್ಲಿ ಆ ಸ್ಥಾನ ಇಂಗ್ಲಿಷಿಗಿದೆ. ಇಷ್ಟೆಲ್ಲ ಇದ್ದೂ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಇಂಗ್ಲಿಷ್ ಇಲ್ಲ. ಹಾಗಾಗಿ ‘ಎಂಟನೆಯ ಅನುಸೂಚಿಯಲ್ಲಿ ಇಲ್ಲ, ಆದ್ದರಿಂದ ಅಧಿಕೃತವಲ್ಲ’ ಎಂಬ ವಾದವೂ, ‘ಕೋರ್ಟಿನಲ್ಲಿದೆ, ಆದ್ದರಿಂದ ಎಲ್ಲೆಡೆ ಅಧಿಕೃತ’ ಎಂಬ ವಾದವೂ ನಿಲ್ಲುವುದಿಲ್ಲ. ಭಾರತದ ರಾಷ್ಟ್ರಭಾಷೆ ಯಾವುದು ಎಂಬ ರಸಪ್ರಶ್ನೆ ಇಂದಿಗೂ ಅಲ್ಲಲ್ಲಿ ಕೇಳಿಬರುತ್ತದೆ. ಸಂವಿಧಾನ ಯಾವ ಭಾಷೆಯನ್ನೂ ಹಾಗೆ ಕರೆದಿಲ್ಲವಾದ್ದರಿಂದ ಆ ಪ್ರಶ್ನೆಯನ್ನು ಕೈಬಿಡುವುದೇ ಸರಿ.

ಗಡುವು ಹಾಕಿ ಇಂಗ್ಲಿಷನ್ನು ಉಳಿಸಿಕೊಂಡ ದೇಶ ಭಾರತವೊಂದೇ ಅಲ್ಲ. ಪಾಕಿಸ್ತಾನದ 1973ರ ಸಂವಿಧಾನದ 251ನೇ ವಿಧಿ ಉರ್ದುವನ್ನು ರಾಷ್ಟ್ರಭಾಷೆ ಎಂದು ಹೇಳಿ, 15 ವರ್ಷಗಳೊಳಗೆ ಅದನ್ನು ಅಧಿಕೃತ ಬಳಕೆಗೆ ತರಲು ಏರ್ಪಾಡು ಮಾಡಬೇಕೆಂದೂ, ಅಲ್ಲಿಯವರೆಗೆ ಇಂಗ್ಲಿಷನ್ನು ಬಳಸಬಹುದೆಂದೂ ವಿಧಿಸಿತು. ಗಡುವು ಮುಗಿದು ಎಷ್ಟೋ ವರ್ಷಗಳ ಮೇಲೆ, 2015ರಲ್ಲಿ, ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ ಈ ವಿಧಿಯನ್ನು ಜಾರಿಗೊಳಿಸುವಂತೆ ಸರ್ಕಾರಕ್ಕೆ ಆದೇಶಿಸಬೇಕಾಯಿತು. ಫಿಲಿಪ್ಪೀನ್ಸ್‌ನ 1987ರ ಸಂವಿಧಾನ ಫಿಲಿಪಿನೊವನ್ನು ರಾಷ್ಟ್ರಭಾಷೆಯಾಗಿಯೂ ಅಧಿಕೃತ ಭಾಷೆಯಾಗಿಯೂ ಹೆಸರಿಸಿ, ಕಾನೂನು ಬೇರೆ ರೀತಿ ಹೇಳುವವರೆಗೆ ಇಂಗ್ಲಿಷ್ ಕೂಡ ಅಧಿಕೃತ ಎನ್ನುತ್ತದೆ. ಇಂಥ ‘ಅಲ್ಲಿಯವರೆಗೆ’ ಎಂಬ ಷರತ್ತು ಕಂಡಾಗ, ನಂತರ ಯಾವ ಕಾನೂನು ಬಂತು ಎಂದು ಹುಡುಕದೆ ಮುಂದೆ ಹೋಗಬಾರದು.

ಸಂವಿಧಾನ ಸುಮ್ಮನಿದ್ದರೆ

ಭಾಷೆಯ ವಿಧಿಯೇ ಇಲ್ಲದ ದೇಶಗಳಿವೆ, ಮತ್ತು ಅವುಗಳಲ್ಲಿ ಇಂಗ್ಲಿಷಿನ ತವರೂ ಸೇರಿದೆ. ಬ್ರಿಟನ್ನಿನಲ್ಲಿ ಇಡೀ ದೇಶಕ್ಕೆ ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಸಾರುವ ಕಾನೂನಿಲ್ಲ. ನೂರಾರು ವರ್ಷಗಳ ಬಳಕೆಯೇ ಅದರ ಆಧಾರ. ಅದೇ ಬ್ರಿಟನ್ನಿನ ಭಾಗವಾದ ವೇಲ್ಸ್‌ನಲ್ಲಿ ವೆಲ್ಷ್ ಭಾಷೆಗೆ 2011ರ ಕಾನೂನಿನಿಂದ ಅಧಿಕೃತ ಸ್ಥಾನ ದೊರೆತಿದೆ. ಆಸ್ಟ್ರೇಲಿಯಾದಲ್ಲಿಯೂ ಅಧಿಕೃತ ಭಾಷೆಯ ಘೋಷಣೆಯಿಲ್ಲ. ನ್ಯೂಜಿಲೆಂಡಿನಲ್ಲಿ ಮಾವೊರಿ 1987ರಲ್ಲಿ, ಅಲ್ಲಿನ ಸಂಜ್ಞಾ ಭಾಷೆ 2006ರಲ್ಲಿ ಕಾನೂನಿನ ಮೂಲಕ ಅಧಿಕೃತವಾದವು. ಇಂಗ್ಲಿಷಿನ ಸ್ಥಾನ ಮಾತ್ರ ಬಹುಕಾಲ ಬಳಕೆಯ ಮೇಲೆಯೇ ನಿಂತಿತ್ತು. ಸಾಮಾನ್ಯವಾಗಿ ಕಾನೂನಿನ ರಕ್ಷಣೆ ಬೇಡುವುದು ಎರಡನೆಯ ಸಾಲಿನಲ್ಲಿರುವ ಭಾಷೆಯೇ, ಮೊದಲ ಸಾಲಿನದಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ಮೌನಕ್ಕೆ ಗೊಂದಲಪಡಬೇಕಾಗಿಲ್ಲ. ಇಂಥ ದೇಶಗಳ ಎದುರು ‘ಕಾನೂನಿನಿಂದಲ್ಲ, ಬಳಕೆಯಿಂದ’ ಎಂದು ಬರೆದುಕೊಳ್ಳಿ.

ಅಮೆರಿಕವನ್ನು ಬಹುಕಾಲ ಇದೇ ಗುಂಪಿಗೆ ಸೇರಿಸುತ್ತಿದ್ದರು. 2025ರ ಮಾರ್ಚ್ 1ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಇಂಗ್ಲಿಷನ್ನು ದೇಶದ ಅಧಿಕೃತ ಭಾಷೆಯೆಂದು ಘೋಷಿಸುವ ಆದೇಶಕ್ಕೆ ಸಹಿ ಹಾಕಿದರು. ಇದು ಅಧ್ಯಕ್ಷರ ಆದೇಶವೇ ಹೊರತು ಅಮೆರಿಕದ ಸಂಸತ್ತು ಅಂಗೀಕರಿಸಿದ ಕಾನೂನಲ್ಲ. ಮುಂದೆ ಬರುವ ಅಧ್ಯಕ್ಷರೊಬ್ಬರು ಇನ್ನೊಂದು ಆದೇಶದಿಂದ ಇದನ್ನು ಹಿಂಪಡೆಯಬಹುದು. ಹಾಗೆಂದು ಕಡೆಗಣಿಸುವಂತೆಯೂ ಇಲ್ಲ. ಟಿಪ್ಪಣಿಯಲ್ಲಿ ‘2025ರಿಂದ, ಅಧ್ಯಕ್ಷರ ಆದೇಶದ ಮೂಲಕ’ ಎಂದು ನಮೂದಿಸಿದರೆ ಎರಡೂ ಕಡೆಗೆ ನ್ಯಾಯ ಒದಗುತ್ತದೆ. ಅಲ್ಲಿನ ರಾಜ್ಯಗಳ ಕಾನೂನು ಬೇರೆ: ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಇಂಗ್ಲಿಷನ್ನು ಅಧಿಕೃತಗೊಳಿಸಿವೆ, ಹವಾಯಿಯ ಸಂವಿಧಾನ ಇಂಗ್ಲಿಷ್ ಜೊತೆಗೆ ಹವಾಯಿಯನ್ ಭಾಷೆಗೂ ಆ ಸ್ಥಾನ ಕೊಟ್ಟಿದೆ.

ಯಾವ ಕೆಲಸಕ್ಕೆ, ಯಾವ ಜಾಗದಲ್ಲಿ

ಕೆಲವು ಸಂವಿಧಾನಗಳು ‘ದೇಶದ ಅಧಿಕೃತ ಭಾಷೆ’ ಎಂಬ ಮಾತನ್ನೇ ಎತ್ತದೆ, ಶಾಸನಸಭೆಯ ಕಲಾಪಕ್ಕೆ ಮಾತ್ರ ಭಾಷೆಯನ್ನು ನಿಗದಿಪಡಿಸುತ್ತವೆ. ಮಾರಿಷಸ್‌ನ 49ನೇ ಪ್ರಕರಣದ ಪ್ರಕಾರ ಶಾಸನಸಭೆಯ ಅಧಿಕೃತ ಭಾಷೆ ಇಂಗ್ಲಿಷ್, ಆದರೆ ಸದಸ್ಯರು ಫ್ರೆಂಚ್‌ನಲ್ಲೂ ಮಾತಾಡಬಹುದು. ದ್ವೀಪದ ಜನರು ಮನೆಯಲ್ಲಿ ಹೆಚ್ಚಾಗಿ ಆಡುವುದು ಇವೆರಡನ್ನೂ ಅಲ್ಲ, ಕ್ರಿಯೋಲ್ ಭಾಷೆಯನ್ನು. ನೈಜೀರಿಯಾದ 1999ರ ಸಂವಿಧಾನದ 55ನೇ ಪ್ರಕರಣ ರಾಷ್ಟ್ರೀಯ ಶಾಸನಸಭೆಯ ಕಲಾಪ ಇಂಗ್ಲಿಷಿನಲ್ಲಿ ನಡೆಯಬೇಕು, ಸಾಕಷ್ಟು ಏರ್ಪಾಡಾದ ಮೇಲೆ ಹೌಸಾ, ಇಗ್ಬೊ, ಯೊರುಬಾ ಭಾಷೆಗಳಲ್ಲೂ ನಡೆಯಬೇಕು ಎನ್ನುತ್ತದೆ. ಬೋಟ್ಸ್ವಾನದಲ್ಲಿ ಭಾಷೆಯ ವಿಧಿಯನ್ನು ಹುಡುಕುವವರು ಚುನಾವಣೆಗೆ ನಿಲ್ಲುವವರ ಅರ್ಹತೆಯ ಪ್ರಕರಣವನ್ನು ನೋಡಬೇಕು: ಸಭೆಯ ಕಲಾಪದಲ್ಲಿ ಭಾಗವಹಿಸುವಷ್ಟು ಇಂಗ್ಲಿಷ್ ಬಲ್ಲವರೇ ಸದಸ್ಯರಾಗಬಹುದು ಎಂಬ ನಿಬಂಧನೆ ಅಲ್ಲಿದೆ. ಶ್ರೀಲಂಕಾದಲ್ಲಿ ಸಿಂಹಳ ಮತ್ತು ತಮಿಳು ಅಧಿಕೃತ ಭಾಷೆಗಳು. 1987ರ ಹದಿಮೂರನೆಯ ತಿದ್ದುಪಡಿ ಇಂಗ್ಲಿಷನ್ನು ಸಂಪರ್ಕ ಭಾಷೆ ಎಂದು ಕರೆದಿದೆಯಷ್ಟೆ. ಹಲವು ಪಟ್ಟಿಗಳು ಶ್ರೀಲಂಕಾವನ್ನು ಎಗ್ಗಿಲ್ಲದೆ ಸೇರಿಸಿಕೊಂಡಿರುವುದು ಈ ವ್ಯತ್ಯಾಸವನ್ನು ಗಮನಿಸದೆ.

ಸಿಂಗಪುರದಲ್ಲಿ ಇದಕ್ಕೆ ವಿರುದ್ಧವಾದ ಎಚ್ಚರ ಬೇಕು. ಕಾಗದದ ಮೇಲೆ ಮಲಯ್, ಮ್ಯಾಂಡರಿನ್, ತಮಿಳು, ಇಂಗ್ಲಿಷ್ ನಾಲ್ಕೂ ಅಧಿಕೃತ, ರಾಷ್ಟ್ರಭಾಷೆ ಮಲಯ್. ವಾಸ್ತವದಲ್ಲಿ ಆಡಳಿತ, ನ್ಯಾಯಾಲಯ, ಶಾಲೆ ಮೂರರಲ್ಲೂ ಮುಖ್ಯ ಭಾಷೆ ಇಂಗ್ಲಿಷ್. ನಾಲ್ಕನ್ನೂ ಸಮನೆಂದು ಬರೆದು ಸುಮ್ಮನಾದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ.

ಪ್ರದೇಶದ ಪ್ರಶ್ನೆ ಎಲ್ಲಕ್ಕಿಂತ ತೀಕ್ಷ್ಣವಾಗಿರುವುದು ಕ್ಯಾಮರೂನಿನಲ್ಲಿ. ಜರ್ಮನಿಯ ವಸಾಹತಾಗಿದ್ದ ಈ ನಾಡನ್ನು ಮೊದಲ ಮಹಾಯುದ್ಧದ ನಂತರ ಫ್ರಾನ್ಸ್ ಮತ್ತು ಬ್ರಿಟನ್ ಹಂಚಿಕೊಂಡವು. 1961ರಲ್ಲಿ ಬ್ರಿಟಿಷ್ ಆಳ್ವಿಕೆಯ ದಕ್ಷಿಣ ಭಾಗ ಫ್ರೆಂಚ್ ಭಾಗದೊಂದಿಗೆ ಕೂಡಿಕೊಂಡಿತು. ಸಂವಿಧಾನ ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳಿಗೆ ಸಮಾನ ಸ್ಥಾನ ಕೊಡುತ್ತದೆ, ಆದರೆ ಹತ್ತು ಪ್ರಾಂತ್ಯಗಳಲ್ಲಿ ಎಂಟು ಫ್ರೆಂಚ್ ಬಳಸುವವು, ವಾಯವ್ಯ ಮತ್ತು ನೈರುತ್ಯದ ಎರಡು ಮಾತ್ರ ಇಂಗ್ಲಿಷ್ ಬಳಸುವವು. ಇಂಗ್ಲಿಷ್ ಪ್ರಾಂತ್ಯಗಳ ನ್ಯಾಯಾಲಯ ಮತ್ತು ಶಾಲೆಗಳಿಗೆ ಫ್ರೆಂಚ್ ಪದ್ಧತಿಯವರನ್ನು ನೇಮಿಸುವುದನ್ನು ವಿರೋಧಿಸಿ 2016ರಲ್ಲಿ ವಕೀಲರು ಮತ್ತು ಶಿಕ್ಷಕರು ಬೀದಿಗಿಳಿದರು. ಅದು ಮುಂದೆ ಸಶಸ್ತ್ರ ಸಂಘರ್ಷವಾಗಿ ಬೆಳೆಯಿತು. ಕಾನೂನಿನ ಸಮಾನತೆಯನ್ನು ಓದಿದ ಮೇಲೆ ಅದು ಎಲ್ಲಿ ನಡೆಯುತ್ತದೆ ಎಂದು ಕೇಳಲೇಬೇಕೆನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಕೆನಡಾದಲ್ಲಿ ಕೇಂದ್ರ ಸರ್ಕಾರದ ಮಟ್ಟದಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ಸಮಾನವಾಗಿ ಅಧಿಕೃತವಾದರೂ, ಪ್ರಾಂತ್ಯಗಳಲ್ಲಿ ಸಂವಿಧಾನದ ಪ್ರಕಾರ ದ್ವಿಭಾಷಿಕವಾದದ್ದು ನ್ಯೂ ಬ್ರನ್ಸ್‌ವಿಕ್ ಒಂದೇ. ಕ್ವಿಬೆಕ್‌ನ ಅಧಿಕೃತ ಭಾಷೆ ಫ್ರೆಂಚ್ ಮಾತ್ರ. ಮಲೇಷ್ಯಾದಲ್ಲಿ ಮಲಯ್ ರಾಷ್ಟ್ರಭಾಷೆ, ಆದರೆ ಸರವಾಕ್ ರಾಜ್ಯ ಇಂಗ್ಲಿಷನ್ನು ಅಧಿಕೃತವಾಗಿ ಉಳಿಸಿಕೊಂಡಿದೆ. ಹಾಂಗ್‌ಕಾಂಗ್‌ನಲ್ಲಿ ಚೀನೀ ಭಾಷೆಯ ಜೊತೆಗೆ ಇಂಗ್ಲಿಷನ್ನೂ ಅಧಿಕೃತವಾಗಿ ಬಳಸಬಹುದು, ಅಷ್ಟರಿಂದ ಚೀನಾವನ್ನು ಪಟ್ಟಿಗೆ ಸೇರಿಸಲಾಗದು.

ನಂಬಬಾರದ ಗುರುತುಗಳು

ಬ್ರಿಟಿಷರು ಆಳಿದ ದೇಶವಾದರೆ ಇಂಗ್ಲಿಷ್ ಅಧಿಕೃತವಾಗಿರಬೇಕು ಎಂಬ ಊಹೆ ಹಲವು ಸಲ ಕೈಕೊಡುತ್ತದೆ. ಬಾಂಗ್ಲಾದೇಶದ ಸಂವಿಧಾನ ಹೆಸರಿಸುವುದು ಬಂಗಾಳಿಯೊಂದನ್ನೇ. ಸೈಪ್ರಸ್‌ನಲ್ಲಿ ಗ್ರೀಕ್ ಮತ್ತು ಟರ್ಕಿಶ್ ಅಧಿಕೃತ. ಇಸ್ರೇಲ್ 1948ರಲ್ಲಿಯೇ ಇಂಗ್ಲಿಷನ್ನು ಕಡ್ಡಾಯ ಭಾಷೆಯ ಸ್ಥಾನದಿಂದ ಕೆಳಗಿಳಿಸಿತು. ಎದುರು ದಿಕ್ಕಿನಲ್ಲಿ, ಜರ್ಮನಿ ಮತ್ತು ಬೆಲ್ಜಿಯಂ ಆಳಿದ ರುವಾಂಡ 2008ರಲ್ಲಿ ಶಾಲೆಗಳ ಬೋಧನೆಯನ್ನು ಫ್ರೆಂಚ್‌ನಿಂದ ಇಂಗ್ಲಿಷಿಗೆ ಬದಲಿಸಲು ತೀರ್ಮಾನಿಸಿ, 2009ರಲ್ಲಿ ಕಾಮನ್‌ವೆಲ್ತ್ ಸೇರಿತು. ನೆರೆಯ ಬುರುಂಡಿ 2014ರಲ್ಲಿ ಇಂಗ್ಲಿಷನ್ನು ಅಧಿಕೃತ ಭಾಷೆಗಳಲ್ಲಿ ಸೇರಿಸಿತು. ಜರ್ಮನಿಯ, ಆಮೇಲೆ ದಕ್ಷಿಣ ಆಫ್ರಿಕಾದ ಹಿಡಿತದಲ್ಲಿದ್ದ ನಮೀಬಿಯಾ 1990ರಲ್ಲಿ ಸ್ವತಂತ್ರವಾದಾಗ, ಇಂಗ್ಲಿಷ್ ಮನೆಮಾತಾಗಿದ್ದವರು ಬೆರಳೆಣಿಕೆಯಷ್ಟಿದ್ದರೂ ಅದನ್ನೊಂದನ್ನೇ ಅಧಿಕೃತವಾಗಿ ಆರಿಸಿಕೊಂಡಿತು: ದಕ್ಷಿಣ ಆಫ್ರಿಕಾದ ಆಳ್ವಿಕೆಯ ಭಾಷೆಯಾಗಿದ್ದ ಆಫ್ರಿಕಾನ್ಸ್ ದಬ್ಬಾಳಿಕೆಯ ಭಾಷೆಯೆನಿಸಿತ್ತು, ಸ್ಥಳೀಯ ಭಾಷೆಗಳಲ್ಲಿ ಒಂದನ್ನು ಎತ್ತಿಹಿಡಿದರೆ ಉಳಿದವರು ಒಪ್ಪುತ್ತಿರಲಿಲ್ಲ. ಕಾಮನ್‌ವೆಲ್ತ್ ಸದಸ್ಯತ್ವವೂ ಗುರುತಾಗದು, ಏಕೆಂದರೆ 1995ರಲ್ಲಿ ಸೇರಿದ ಮೊಜಾಂಬಿಕ್‌ನ ಅಧಿಕೃತ ಭಾಷೆ ಪೋರ್ಚುಗೀಸ್. ಜನ ಚೆನ್ನಾಗಿ ಇಂಗ್ಲಿಷ್ ಆಡುತ್ತಾರೆಂಬುದಂತೂ ಏನನ್ನೂ ಹೇಳುವುದಿಲ್ಲ; ನೆದರ್ಲೆಂಡ್ಸ್‌ನ ಬೀದಿಯಲ್ಲಿ ಇಂಗ್ಲಿಷಿನಲ್ಲಿ ದಾರಿ ಕೇಳಬಹುದು, ಆದರೆ ಅಲ್ಲಿನ ಸರ್ಕಾರದ ಪತ್ರ ಬರುವುದು ಡಚ್‌ನಲ್ಲಿ.

ಟಿಪ್ಪಣಿಗೆ ಐದು ಅಂಕಣ ಸಾಕು: ದೇಶ, ಆಧಾರವಾದ ವಿಧಿ ಅಥವಾ ಕಾನೂನು ಮತ್ತು ಅದರ ವರ್ಷ, ಯಾವ ಕೆಲಸಕ್ಕೆ ಅನ್ವಯ, ಜೊತೆಗಿರುವ ಭಾಷೆಗಳು, ನೀವು ಪರಿಶೀಲಿಸಿದ ದಿನಾಂಕ. ಕೊನೆಯದನ್ನು ಬಿಡಬೇಡಿ. ದಕ್ಷಿಣ ಆಫ್ರಿಕಾದಲ್ಲಿ 11 ಅಧಿಕೃತ ಭಾಷೆಗಳೆಂಬ ಹಳೆಯ ಉತ್ತರ, ಅಲ್ಲಿನ ಸಂಜ್ಞಾ ಭಾಷೆ ಸೇರಿದ 2023ರಿಂದ ತಪ್ಪು. ರುವಾಂಡದ ಮೂರು ಭಾಷೆಗಳಿಗೆ 2017ರಲ್ಲಿ ಸ್ವಾಹಿಲಿ ನಾಲ್ಕನೆಯದಾಗಿ ಸೇರಿತು.

ಓದು ಅಥವಾ ಉದ್ಯೋಗಕ್ಕಾಗಿ ಈ ಮಾಹಿತಿ ಬೇಕಾಗಿದ್ದರೆ

ಇಲ್ಲಿಯವರೆಗೆ ಹೇಳಿದ ಕ್ರಮ ಕಾನೂನಿನ ಸ್ಥಾನವನ್ನು ತಿಳಿಸುತ್ತದೆ. ವೀಸಾ ಮತ್ತು ವಿಶ್ವವಿದ್ಯಾಲಯಗಳು ಬಳಸುವ ಪಟ್ಟಿಗಳು ಅದರಿಂದ ಬೇರೆಯೇ ಆದವು. ಬ್ರಿಟನ್ನಿನ ವೀಸಾ ನಿಯಮಗಳಲ್ಲಿ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಪಡೆಯುವ, ಬಹುಸಂಖ್ಯಾತರು ಇಂಗ್ಲಿಷ್ ಆಡುವ ದೇಶಗಳ ಪಟ್ಟಿಯೊಂದಿದೆ. ಅದರಲ್ಲಿ ಜಮೈಕಾ, ಗಯಾನಾ, ಮಾಲ್ಟಾಗಳಿವೆ. ಭಾರತ, ನೈಜೀರಿಯಾ, ಕೀನ್ಯಾಗಳಿಲ್ಲ. ಆದ್ದರಿಂದ ‘ನಮ್ಮ ದೇಶದಲ್ಲಿ ಇಂಗ್ಲಿಷ್ ಅಧಿಕೃತ’ ಎಂಬ ವಾದವನ್ನು ಅರ್ಜಿಯಲ್ಲಿ ಮಂಡಿಸಿ ಪ್ರಯೋಜನವಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಪಡೆದವರು ಅದನ್ನು ಬ್ರಿಟನ್ನಿನಲ್ಲಿ ವಿದೇಶಿ ವಿದ್ಯಾರ್ಹತೆಗಳನ್ನು ಪರಿಶೀಲಿಸುವ ‘ಎಕ್ಟಿಸ್’ ಸಂಸ್ಥೆಯಿಂದ ದೃಢೀಕರಿಸಿಕೊಳ್ಳುವ ದಾರಿ ಇದೆ. ನಿಮ್ಮ ವೀಸಾದ ಬಗೆಗೆ ಅದು ಸಲ್ಲುತ್ತದೆಯೇ ಎಂದು ಮೊದಲು ನೋಡಿಕೊಂಡು, ಕಾಲೇಜಿನಿಂದ ಬೋಧನಾ ಮಾಧ್ಯಮದ ಪ್ರಮಾಣಪತ್ರವನ್ನು ಮುಂಚೆಯೇ ತೆಗೆದಿಟ್ಟುಕೊಳ್ಳಿ. ಕನ್ನಡದಲ್ಲಷ್ಟೇ ಇರುವ ವರ್ಗಾವಣೆ ಪತ್ರ ಅಥವಾ ಪಹಣಿಯಂಥ ದಾಖಲೆಗೆ ಇಂಗ್ಲಿಷ್ ಅನುವಾದ ಬೇಕಾಗುತ್ತದೆ; ಆ ಅನುವಾದವನ್ನು ಯಾರು ದೃಢೀಕರಿಸಬೇಕೆಂಬುದನ್ನು ದೇಶದ ಭಾಷಾನೀತಿಯಿಂದ ಊಹಿಸದೆ, ದಾಖಲೆಯನ್ನು ಸ್ವೀಕರಿಸುವ ಕಚೇರಿಯಿಂದಲೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು. ನುರಿತ ಕೆಲಸಗಾರರನ್ನು ವಲಸೆಗೆ ಆರಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಂತೂ ದೇಶಗಳ ವಿನಾಯಿತಿ ಪಟ್ಟಿಯೇ ಇಲ್ಲ: ಲಂಡನ್‌ನಲ್ಲಿ ಹುಟ್ಟಿ ಬೆಳೆದ ಅರ್ಜಿದಾರರೂ ಮಾನ್ಯ ಭಾಷಾ ಪರೀಕ್ಷೆಯ ಅಂಕಗಳನ್ನು ಸಲ್ಲಿಸಬೇಕು.